ವಿಮಾನವೂ ಪ್ರಮಾಣವೂ

ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದವರಿಗೆಲ್ಲ ಪ್ರಮಾಣಗಳ ವಿಚಾರವು ಕಂಠಸ್ಥವಾಗಿರುತ್ತದೆ. ಇದ್ದುದನ್ನು ಇದ್ದಂತೆ ನುಡಿಯುವವನು ಆಪ್ತನು. ಅವನ ವಾಕ್ಯವೇ ಶಬ್ದಪ್ರಮಾಣವು. ಈ ಲಕ್ಷಣವನ್ನು ಬಾಲ್ಯದಲ್ಲಿಯೇ ನಾನು ಗುರುಗಳಿಗೆ ತಪ್ಪಿಲ್ಲದೆ ಒಪ್ಪಿಸಿದ್ದೆನು. ಅದರ ಅರ್ಥವು ಮನಸ್ಸಿಗೆ ಹತ್ತಿದುದು ಮಾತ್ರ ಬಹುಕಾಲ ಉಪಾಧ್ಯಾಯವೃತ್ತಿ ಮಾಡಿದ ಮೇಲೆ, ಅದೂ ನನ್ನದೇ ಒಂದು ತಪ್ಪಿನಿಂದ. ಅದನ್ನು ವಾಚಕರಲ್ಲಿ ನಿವೇದಿಸಿಕೊಳ್ಳುವೆನು.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಮಕ್ಕಳಿಗೆ ಸಂಸ್ಕೃತದಲ್ಲಿ ಆದರವುಂಟಾಗಲೆಂದು ಒಂದು ದಿನ 'ವೈಮಾನಿಕಶಾಸ್ತ್ರ'ವನ್ನು ತರಗತಿಗೆ ಕೊಂಡೊಯ್ದೆನು. ಭರದ್ವಾಜಮಹರ್ಷಿಗಳ ಹೆಸರಿನಲ್ಲಿರುವ ಆ ಗ್ರಂಥವು ೧೯೭೩ರಲ್ಲಿ ಮೈಸೂರಿನಿಂದ ಇಂಗ್ಲಿಷ್ ಅನುವಾದದೊಡನೆ ಹೊರಬಿದ್ದಿತ್ತು. ಶಕುನ, ಸುಂದರ, ರುಕ್ಮ, ತ್ರಿಪುರವೆಂಬ ವಿಮಾನಗಳ ಚಿತ್ರಗಳನ್ನು ತೋರಿಸಿ, ರೈಟ್ ಸಹೋದರರು ೧೯೦೩ರಲ್ಲಿ ಸಾಧಿಸಿದುದನ್ನು ನಮ್ಮ ಋಷಿಗಳು ಸಹಸ್ರಾರು ವರ್ಷಗಳ ಮೊದಲೇ ಸಾಧಿಸಿದ್ದರೆಂದು ಸಾರಿದೆನು. ಕೆಲವು ಶ್ಲೋಕಗಳನ್ನು ಹಲಗೆಯ ಮೇಲೂ ಬರೆದೆನು. ಮಕ್ಕಳ ಕಣ್ಣುಗಳು ಅರಳಿದುವು.

ಹಿಂದಿನ ಸಾಲಿನ ಹುಡುಗನೊಬ್ಬನು ಮೆಲ್ಲನೆ ಎದ್ದು, "ಸಾರ್, ವೇದಮಂತ್ರ ಬಹಳ ಕಷ್ಟ, ಅದರ ಭಾಷೆಯೇ ಬೇರೆ ಅಂದಿದ್ದಿರಿ. ಋಷಿಗಳು ಹೇಳಿದ ಈ ಶ್ಲೋಕ ನಮ್ಮ ಪಾಠಕ್ಕಿಂತ ಸುಲಭವಾಗಿದೆಯಲ್ಲ?" ಎಂದು ಕೇಳಿದನು.

ನನಗೆ ಉತ್ತರ ತೋರಲಿಲ್ಲ. ತೋರದಿದ್ದುದರಿಂದಲೇ ಸಿಟ್ಟು ಬಂದಿತು. "ಹಿರಿಯರ ಮಾತಿನಲ್ಲಿ ಕುಂದು ಹುಡುಕುವುದು ವಿದ್ಯೆಯಲ್ಲ, ಕೂತುಕೋ" ಎಂದು ಗದರಿಸಿದೆನು. ಹುಡುಗನು ಕುಳಿತನು. ಆ ವರ್ಷವೆಲ್ಲ ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ.

ಕೆಲವು ವರ್ಷಗಳ ಬಳಿಕ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮೊದಲಾದ ಐವರು ವಿದ್ವಾಂಸರು ಆ ಗ್ರಂಥವನ್ನು ಪರೀಕ್ಷಿಸಿ ೧೯೭೪ರಲ್ಲಿ ಪ್ರಕಟಿಸಿದ ವಿಮರ್ಶೆಯು ನನ್ನ ಕೈಸೇರಿತು. ಗ್ರಂಥವನ್ನು ಈ ಶತಮಾನದ ಹಿಂದಿನ ಶತಮಾನದಲ್ಲಿ, ಅದರ ಆದಿಭಾಗದಲ್ಲಿ, ಆನೇಕಲ್ಲಿನ ಸುಬ್ಬರಾಯಶಾಸ್ತ್ರಿಗಳು ಹೇಳಿ ಬರೆಯಿಸಿದರೆಂದೂ, ೧೯೦೪ಕ್ಕಿಂತ ಹಿಂದಿನದೆನ್ನಲು ಆಧಾರವಿಲ್ಲವೆಂದೂ, ಚಿತ್ರಗಳನ್ನು ಬರೆದವರು ಬೆಂಗಳೂರಿನ ಒಬ್ಬ ನಕ್ಷೆಗಾರರೆಂದೂ, ವರ್ಣಿಸಿರುವ ವಿಮಾನಗಳಲ್ಲಿ ಯಾವುದೂ ಹಾರಲಾರದೆಂದೂ ಅವರು ತೋರಿಸಿದ್ದರು. ಅಲ್ಲಿಯ ಗಣಿತವು ನನಗೆ ನಿಲುಕಲಿಲ್ಲ. ಆದರೆ ಗ್ರಂಥದ ಭಾಷೆಯು ವೈದಿಕವಲ್ಲ, ಸರಳವಾದ ಆಧುನಿಕ ಸಂಸ್ಕೃತವೆಂದು ಬರೆದಿದ್ದುದನ್ನು ಓದಿ ತಲೆ ತಗ್ಗಿಸಿದೆನು. ಯಂತ್ರಶಾಸ್ತ್ರಜ್ಞರು ಕಂಡುದನ್ನು, ಒಬ್ಬ ಹುಡುಗನು ಕಂಡುದನ್ನು, ವ್ಯಾಕರಣ ಓದಿದ ನಾನು ಕಾಣಲಿಲ್ಲ. ಕಾಣಲು ಇಷ್ಟವಿರಲಿಲ್ಲವೆಂಬುದೇ ನಿಜವು.

ಇದರಿಂದ ನಾನು ನಾಸ್ತಿಕನಾದೆನೆಂದು ಯಾರೂ ತಿಳಿಯಬಾರದು. ಇಂದಿಗೂ ಬೆಳಗ್ಗೆ ಅರ್ಘ್ಯ ಬಿಡುತ್ತೇನೆ. ಅದರಿಂದ ರಕ್ತಶುದ್ಧಿಯಾಗುವುದು, ಕಿರಣಗಳಿಂದ ಬುದ್ಧಿ ಚುರುಕಾಗುವುದು ಎಂದು ಮಾತ್ರ ಯಾರಿಗೂ ಹೇಳುವುದಿಲ್ಲ. ನನ್ನ ತಂದೆ ಬಿಟ್ಟರು, ನಾನೂ ಬಿಡುತ್ತೇನೆ. ಆ ಗಳಿಗೆಯಲ್ಲಿ ಮನಸ್ಸು ಬಾಗುತ್ತದೆ. ಅಷ್ಟು ಸಾಲದೆ? ಶ್ರದ್ಧೆಗೆ ವಿಜ್ಞಾನದ ಅಂಗಿ ತೊಡಿಸುವವರು ಶ್ರದ್ಧೆಯನ್ನೂ ನಂಬಿದವರಲ್ಲ, ವಿಜ್ಞಾನವನ್ನೂ ಅರಿತವರಲ್ಲ.

ಪೂರ್ವಿಕರ ಹಿರಿಮೆಗೆ ಕೃತಕವಾದ ವಿಮಾನವು ಬೇಕೆ? ಗ್ರಹಣಕ್ಕೆ ಚಂದ್ರನ ಮತ್ತು ಭೂಮಿಯ ನೆರಳುಗಳೇ ಕಾರಣವೆಂದು ಆರ್ಯಭಟನು ೪೯೯ರ ಸುಮಾರಿನಲ್ಲಿಯೇ ಹೇಳಿದನು. ಭೂಮಿಯು ತಿರುಗುವುದೆಂದೂ ಹೇಳಿದನು. ೬೨೮ರಲ್ಲಿ ಬ್ರಹ್ಮಗುಪ್ತನು ಅವನ ಹೆಸರು ಹಿಡಿದೇ ಖಂಡಿಸಿದನು. ಖಂಡನೆಯೆಲ್ಲವೂ ಸರಿಯಾಗಿರಲಿಲ್ಲ, ಆದರೂ ಹಿರಿಯನೆಂಬ ಕಾರಣಕ್ಕೆ ಯಾರೂ ಯಾರನ್ನೂ ಕೂರಿಸಲಿಲ್ಲ. ನಾನು ತರಗತಿಗೆ ಒಯ್ಯಬೇಕಾಗಿದ್ದ ಪರಂಪರೆಯು ಅದು.

ಆ ಹುಡುಗನು ಈಗ ನಡುವಯಸ್ಸಿನವನಾಗಿರಬೇಕು, ಎಲ್ಲಿರುವನೋ ತಿಳಿಯದು. ಈ ಪತ್ರಿಕೆಯು ಅವನ ಕೈಸೇರುವುದಾದರೆ, "ಅಪ್ಪಾ, ನಿನ್ನ ಪ್ರಶ್ನೆಯು ಸರಿಯಾಗಿತ್ತು. ನಿಂತೇ ಕೇಳಬೇಕಾಗಿತ್ತು, ನಾನು ಕೂರಿಸಿದೆ" ಎಂದು ಅವನ ಮೇಷ್ಟರು ಒಪ್ಪಿಕೊಂಡರೆಂದು ತಿಳಿಯಲಿ.