ತಡವಾಗಿ ತಿದ್ದಿಕೊಂಡವರು

ರಾಘವಾಂಕನ ಹರಿಶ್ಚಂದ್ರನ ಮೇಲೆ ನನಗೆ ಅಪಾರ ಗೌರವ. ಆದರೆ ಆತ ನಮ್ಮ ಮನೆಗೆ ನಾಲ್ಕು ದಿನ ಇರಲು ಬರುತ್ತೇನೆಂದರೆ ಎದೆ ನಡುಗುತ್ತದೆ. ಹೆಂಡತಿ ಮಗನನ್ನು ಮಾರಿ, ಸುಡುಗಾಡು ಕಾದು, ಕಡೆಗೆ ಹೆಂಡತಿಯ ಮೇಲೇ ಕತ್ತಿ ಎತ್ತಿದರೂ ಮಾತಿಗೆ ತಪ್ಪದವನನ್ನು ಎದುರಿಗೆ ಕೂರಿಸಿಕೊಂಡು, ಬಾಗಿಲಿಗೆ ಬಂದ ಚೀಟಿ ದುಡ್ಡಿನವನಿಗೆ ‘ಅವರು ಊರಲ್ಲಿಲ್ಲ’ ಎಂದು ಹೇಳಿಸುವುದಾದರೂ ಹೇಗೆ?

ನನ್ನಂಥವರಿಗೆ ಒಗ್ಗುವವರು ಅರ್ಧ ಕೆಟ್ಟು, ಕಾಲುಭಾಗ ತಿದ್ದಿಕೊಂಡು, ಮತ್ತೆ ಜಾರಿ ಬಿದ್ದು ಏಳುವ ನಾಯಕರು. ತಿದ್ದಿಕೊಳ್ಳುವುದಕ್ಕಿಂತ ಅವರು ಮಾಡುವ ತಡವೇ ನನಗೆ ಇಷ್ಟ. ಹಳೆಯ ಸಿನಿಮಾಗಳಲ್ಲಿ ಪೊಲೀಸ್ ಜೀಪು ಬರುವ ಹೊತ್ತಿಗೆ ಸರಿಯಾಗಿ ಖಳನಿಗೆ ಜ್ಞಾನೋದಯವಾಗುತ್ತಿತ್ತು. ಡಿಕನ್ಸ್ 1843ರಲ್ಲಿ ಸೃಷ್ಟಿಸಿದ ಜಿಪುಣ ಸ್ಕ್ರೂಜ್ ಕೂಡ ಕ್ರಿಸ್‌ಮಸ್ ಬೆಳಗಾಗುವುದರೊಳಗೆ ದಾನಶೂರನಾಗಿಬಿಡುತ್ತಾನೆ. ಬೆಳಿಗ್ಗೆ ಬೇಗ ಏಳುವ ನನ್ನ ಸಂಕಲ್ಪವೇ ಯುಗಾದಿಯಿಂದ ಯುಗಾದಿಗೆ ಮುಂದಕ್ಕೆ ಹೋಗುತ್ತಿರುವಾಗ ಇದನ್ನೆಲ್ಲ ನಂಬುವುದು ಕಷ್ಟ.

ನಿಧಾನದಲ್ಲಿ ನಮ್ಮ ಜನ್ನನನ್ನು ಮೀರಿಸುವವರಿಲ್ಲ. 1209ರ ‘ಯಶೋಧರ ಚರಿತೆ’ಯಲ್ಲಿ ಯಶೋಧರ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು, ಅದೂ ತಾಯಿಯ ಒತ್ತಾಯಕ್ಕೆ. ಅಷ್ಟಕ್ಕೇ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಳಿ ಎಂದು ಜನ್ಮಜನ್ಮ ಅಲೆಯುತ್ತಾರೆ. ಕಂತಿನಲ್ಲಿ ತೀರಿಸಿದ ಸಾಲದ ಹಾಗೆ. ಕಡೆಗೆ ಅಣ್ಣ ತಂಗಿಯಾಗಿ ಹುಟ್ಟಿ, ಮಾರಿಯ ಗುಡಿಯಲ್ಲಿ ಬಲಿಗೆ ನಿಂತು ಅವರು ಹೇಳುವ ಕಥೆ ಕೇಳಿ, ಬಲಿ ಕೊಡಲು ಬಂದ ಮಾರಿದತ್ತನ ಮನಸ್ಸೇ ತಿರುಗುತ್ತದೆ.

ಅಷ್ಟು ಜನ್ಮ ಕಾಯುವ ತಾಳ್ಮೆ ಇಲ್ಲದವರಿಗೆ ಮೈಸೂರಿನ ಆರ್. ಕೆ. ನಾರಾಯಣ್ ‘ದಿ ಗೈಡ್’ (1958) ಬರೆದಿದ್ದಾರೆ. ಮಾಲ್ಗುಡಿ ಸ್ಟೇಷನ್ನಿನ ಅಂಗಡಿಯ ರಾಜುವಿಗೆ ‘ಗೊತ್ತಿಲ್ಲ’ ಎಂಬ ಮಾತೇ ಬಾಯಿಗೆ ಬರದು. ತಾನು ಕಾಣದ ಜಾಗಕ್ಕೂ ದಾರಿ ತೋರಿಸುವ ಭೂಪ. ತಾನು ಮನಸೋತ ನರ್ತಕಿ ರೋಸಿಯ ಸಹಿಯನ್ನು ತಾನೇ ಹಾಕಿ ಜೈಲು ಸೇರುತ್ತಾನೆ. ಬಿಡುಗಡೆಯಾಗಿ ಬಂದು ಹಾಳು ಗುಡಿಯೊಂದರಲ್ಲಿ ಕೂತದ್ದೇ ತಡ, ವೇಲನ್ ಎಂಬ ಹಳ್ಳಿಗ ಕೈಮುಗಿದ. ಊಟ ಬರತೊಡಗಿತು. ರಾಜು ಗಡ್ಡ ಬಿಟ್ಟ, ಸ್ವಾಮಿಯಾದ.

ಬರಗಾಲ ಬಂತು, ಊರಲ್ಲಿ ಹೊಡೆದಾಟವೂ ಶುರುವಾಯಿತು. ಜಗಳ ನಿಲ್ಲಿಸುವ ತನಕ ಊಟ ಮಾಡೆನೆಂದು ರಾಜು ಹೇಳಿ ಕಳಿಸಿದ್ದು ವೇಲನ್‌ನ ತಮ್ಮನ ಬಾಯಲ್ಲಿ, ಮಳೆ ಬರುವ ತನಕ ಊಟವಿಲ್ಲ ಎಂದಾಯಿತು! ಪಾಪ, ಪಾತ್ರೆಯಲ್ಲಿ ಅಡಗಿಸಿಟ್ಟದ್ದನ್ನು ಗುಟ್ಟಾಗಿ ತಿಂದ, ಅದೂ ಮುಗಿಯಿತು. ತನ್ನ ಬಂಡವಾಳವನ್ನೆಲ್ಲ ವೇಲನ್ ಮುಂದೆ ಬಿಚ್ಚಿಟ್ಟ. ಅವನ ಭಕ್ತಿ ಒಂದಿಷ್ಟೂ ಕದಲಲಿಲ್ಲ. ತಪ್ಪಿಸಿಕೊಳ್ಳುವ ದಾರಿಯೆಲ್ಲ ಮುಚ್ಚಿದ ಮೇಲೆ ಒಂದು ದಿನ ರಾಜು ಮನಸಾರೆ ಉಪವಾಸ ಮಾಡಲು ನಿರ್ಧರಿಸುತ್ತಾನೆ. ತನಗೇನೂ ಗಿಟ್ಟದ ಕೆಲಸಕ್ಕೆ ಅವನು ಕೈಹಾಕಿದ್ದು ಅದೇ ಮೊದಲು. ನಾರಾಯಣ್ ಅಲ್ಲಿ ತುತ್ತೂರಿ ಊದಿಸುವುದಿಲ್ಲ.

ಇದೆಲ್ಲ ಕಥೆಯಲ್ಲಷ್ಟೇ ಎನ್ನಬೇಡಿ. ನೆಂಟರು ಆಡಿಕೊಂಡಾರೆಂದು ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸಲು ತೊಡಗಿದ ಸೊಸೆ, ಕುಡಿಸುತ್ತ ಕುಡಿಸುತ್ತ ಅಕ್ಕರೆಗೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾವ ದಿನ ನಟನೆ ಮುಗಿಯಿತೆಂದು ಆಕೆಗೂ ತಿಳಿದಿರಲಾರದು.

‘ದಿ ಗೈಡ್’ ಅನ್ನು 1965ರಲ್ಲಿ ಹಿಂದಿ ಸಿನಿಮಾ ಮಾಡಿದವರಿಗೆ ಇಂಥ ಅನುಮಾನ ಸಹ್ಯವಾಗಲಿಲ್ಲ. ನಾರಾಯಣ್ ಅವರೇ ಆ ತಂಡವನ್ನು ಮೈಸೂರಿನ ಸುತ್ತಮುತ್ತ ಸುತ್ತಾಡಿಸಿ ಮಾಲ್ಗುಡಿ ತೋರಿಸಿದರೂ ಸಿನಿಮಾದವರು ರಾಜಸ್ಥಾನಕ್ಕೆ ಹೋದರು. ಕೊನೆಯಲ್ಲಿ ಧಾರಾಕಾರ ಮಳೆ ಸುರಿಸಿದರು. ಕಾದಂಬರಿಯಲ್ಲಿ ಮಾತ್ರ ಬೆಟ್ಟದಲ್ಲಿ ಮಳೆ ಬರುತ್ತಿದೆ ಎಂದು ರಾಜು ಹೇಳಿ ಕುಸಿಯುತ್ತಾನೆ. ಬಂತೋ ಇಲ್ಲವೋ ನಾವೇ ತೀರ್ಮಾನಿಸಬೇಕು.

ನಮ್ಮ ಅತ್ತಿಗೆಯವರು ಎಂದೋ ತೀರ್ಮಾನಿಸಿದ್ದಾರೆ. “ಆ ಪಾತ್ರೇಲಿ ಇನ್ನೊಂದು ತುತ್ತು ಉಳಿದಿದ್ರೆ ನಿನ್ನ ಸ್ವಾಮಿ ಏನು ಮಾಡ್ತಿದ್ದನಪ್ಪಾ?” ಎನ್ನುತ್ತಾರೆ. ತಿನ್ನುತ್ತಿದ್ದ, ತಿಂದು ಮಾರನೆಯ ದಿನದಿಂದ ನಿಜವಾದ ಉಪವಾಸ ಹಿಡಿಯುತ್ತಿದ್ದ ಎಂಬುದು ನನ್ನ ವಾದ. ಅವರು ಇನ್ನೂ ಒಪ್ಪಿಲ್ಲ.