ಬಿಜಲಿಗೆ ಬೆನ್ನ ಮೇಲೆ ಯಾರೂ ಬೇಡ

ನಮ್ಮ ದಾದಾ ಕುಕನೂರಿನಲ್ಲಿ ಟಾಂಗಾ ಹೊಡೆಯುತ್ತಿದ್ದರು. ಆಟೋಗಳು ಬಂದ ಮೇಲೆ ಟಾಂಗಾ ಹಿತ್ತಲು ಸೇರಿತು. ಈಗ ಅದರ ಕೆಳಗೆ ಕೋಳಿಗಳು ಮಲಗುತ್ತವೆ. ಆದರೆ ಕುದುರೆ ನಮ್ಮ ಮನೆ ಬಿಟ್ಟು ಹೋಗಲಿಲ್ಲ. ಮದುವೆಯ ಶಬ್‌ಗಸ್ತಿಗೆ, ಹುಡುಗರ ಸುನ್ನತಿ ಮೆರವಣಿಗೆಗೆ ಚಾಚಾ ಅದನ್ನು ಬಾಡಿಗೆಗೆ ಒಯ್ಯುತ್ತಾರೆ. ಹಳೆಯ ಕುದುರೆಯ ಕಾಲು ಸೋತಾಗ ಕುಷ್ಟಗಿ ಕಡೆಯ ಕುರಿಗಾರರಿಂದ ಒಂದು ಹೆಣ್ಣು ತಟ್ಟು ತಂದರು. ಮೂರು ವರ್ಷದ್ದು. ನಾವು ಇಟ್ಟ ಹೆಸರು ಬಿಜಲಿ.

ಬಿಜಲಿ ಕುರಿಗಾರರ ಪಾತ್ರೆ, ಕಂಬಳಿ, ಈಗಷ್ಟೇ ಹುಟ್ಟಿದ ಕುರಿಮರಿ ಎಲ್ಲ ಹೊತ್ತಿತ್ತು. ಮನುಷ್ಯರನ್ನು ಹೊತ್ತಿರಲಿಲ್ಲ.

ಚಾಚಾ ಅದರ ತುಟಿ ಎತ್ತಿ ನನಗೆ ಹಲ್ಲು ತೋರಿಸಿದರು. ನಡುವಿನ ಹಾಲುಹಲ್ಲು ಬಿದ್ದು ದೊಡ್ಡವು ಬಂದಿದ್ದವು, ಪಕ್ಕದವು ಇನ್ನೂ ಹಾಲುಹಲ್ಲೇ. ಕುದುರೆಗೆ ಎರಡೂವರೆ ವರ್ಷಕ್ಕೆ ಹಲ್ಲು ಬದಲಾಗಲು ಶುರುವಾಗಿ ಐದಕ್ಕೆ ಬಾಯಿ ತುಂಬುತ್ತದೆ. ಬೆನ್ನೆಲುಬು ಪೂರ್ತಿ ಬಲಿಯುವುದು ಇನ್ನೂ ತಡ. ಹಾಗಾಗಿ ನನ್ನಂಥವರು ಹತ್ತುವಂತಿರಲಿಲ್ಲ, ಹಗುರವಾದ ಮಗು ಬೇಕಿತ್ತು. ಓಣಿಯ ಹುಡುಗರು ಒಬ್ಬೊಬ್ಬರಾಗಿ ಬಂದು, ಹತ್ತಿ, ಬಿದ್ದು, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಉಳಿದವಳು ಚಾಚಾನ ಮಗಳು, ಎಂಟು ವರ್ಷದವಳು. ‘ಹುಡುಗಿಗ್ಯಾಕ ಕುದರಿ?’ ಎಂದು ಪಕ್ಕದ ಮನೆಯವರು ಕೇಳಿದರು. ದಾದಿ, ‘ಕುದರಿಗೇನ್ ಗೊತ್ತಾಗತೈತಿ ಹುಡುಗಿ ಹುಡುಗ?’ ಎಂದು ಮಾತು ಮುಗಿಸಿದರು.

ಚಾಚಾ ಮಾತ್ರ ಗಡುವು ಕೊಟ್ಟಿದ್ದರು. ‘ಶಬೆ ಬರಾತ್ ತನಕ ನೋಡ್ತೀನಿ. ಮಾತ್ ಕೇಳಲಿಲ್ಲಂದ್ರ ಮಾರಿಬಿಡ್ತೀನಿ, ಕಡ್ಲಿ ಹಾಕಿ ಸುಮ್ನ ಕಟ್ಟಾಕ ಆಗಲ್ಲ.’ ರಂಜಾನ್ ಮುಗಿದ ಮೇಲೆ ಮದುವೆಗಳು ಬರುತ್ತವೆ. ಆ ದುಡ್ಡಿನಲ್ಲೇ ನಮ್ಮಿಬ್ಬರ ಫೀಸೂ ಇರುತ್ತದೆ.

ದಿನಾ ಫಜರ್ ನಮಾಜ್ ಆದ ಮೇಲೆ ಊರ ಹೊರಗಿನ ಬಯಲಿಗೆ ಹೋಗುತ್ತಿದ್ದೆವು. ತಂಗಿಯ ತಲೆಗೆ ನನ್ನ ಗೆಳೆಯನ ಕ್ರಿಕೆಟ್ ಹೆಲ್ಮೆಟ್. ರಿಕಾಬು ಬಿಚ್ಚಿಟ್ಟಿದ್ದೆ, ಏಕೆಂದರೆ ಬಿದ್ದಾಗ ಕಾಲು ಅದರಲ್ಲಿ ಸಿಕ್ಕರೆ ಕುದುರೆ ಎಳೆದುಕೊಂಡು ಓಡುತ್ತದೆ. ಹಗ್ಗ ನನ್ನ ಕೈಯಲ್ಲಿ.

ಬಿಜಲಿಯ ತಂಟೆ ಒಂದೆರಡಲ್ಲ. ಜೀನಿನ ಪಟ್ಟಿ ಬಿಗಿಯುವಾಗ ಹೊಟ್ಟೆ ಉಬ್ಬಿಸಿ ನಿಲ್ಲುತ್ತಿತ್ತು, ಹತ್ತು ಹೆಜ್ಜೆ ನಡೆದ ಮೇಲೆ ಉಸಿರು ಬಿಟ್ಟರೆ ಜೀನು ಪಕ್ಕಕ್ಕೆ ಜಾರುತ್ತಿತ್ತು. ಹೀಗಾಗಿ ನಾಲ್ಕು ಹೆಜ್ಜೆ ನಡೆಸಿ ಇನ್ನೊಮ್ಮೆ ಬಿಗಿಯುವುದು ರೂಢಿಯಾಯಿತು. ಗೋಡೆ ಕಂಡರೆ ಸಾಕು, ತಂಗಿಯ ಕಾಲನ್ನು ಅದಕ್ಕೆ ಒರೆಸುತ್ತಿತ್ತು. ಹುಲ್ಲು ಕಂಡಲ್ಲಿ ತಲೆ ಕೆಳಗೆ, ಮನೆಯ ದಾರಿ ಬಂದರೆ ಒಂದೇ ಓಟ. ಕಿವಿ ಹಿಂದಕ್ಕೆ ಮಲಗಿತೆಂದರೆ ಏನೋ ಮಾಡುತ್ತದೆ ಎಂದು ನನಗಿಂತ ಮೊದಲು ತಂಗಿಗೇ ತಿಳಿಯತೊಡಗಿತು.

ದಾದಾ ಕಟ್ಟೆಯ ಮೇಲೆ ಕೂತು ಹೇಳಿಕೊಟ್ಟದ್ದು ಒಂದೇ ಮಾತು: ‘ಲಗಾಮು ಎಳದಾಗ ಕುದರಿ ಕಲಿಯಂಗಿಲ್ಲ, ಬಿಟ್ಟಾಗ ಕಲಿತೈತಿ.’ ಅಂದರೆ ಅದು ನಿಂತ ಕ್ಷಣವೇ ಕೈ ಸಡಿಲವಾಗಬೇಕು. ನಿಂತ ಮೇಲೂ ಎಳೆಯುತ್ತಿದ್ದರೆ ನಿಂತದ್ದಕ್ಕೆ ಅದಕ್ಕೆ ಸಿಕ್ಕಿದ್ದೇನು? ಪುಟ್ಟ ಕೈಗೆ ಇದು ಬೇಗ ಒಲಿಯಿತು. ಎಳೆಯುವಷ್ಟು ಬಲವೇ ಅವಳಲ್ಲಿ ಇರಲಿಲ್ಲವಲ್ಲ!

ಇಪ್ಪತ್ತನೆಯ ದಿನವೋ ಏನೋ, ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆಯಿತು. ಕುದುರೆಗೆ ಎರಡೂ ಬದಿ ಚೆನ್ನಾಗಿ ಕಾಣುತ್ತದೆ, ನೇರ ಬಾಲದ ಹಿಂದೆ ಕಾಣುವುದಿಲ್ಲ. ಅಲ್ಲಿಂದ ಸದ್ದು ಬಂದರೆ ಅದಕ್ಕೆ ಹುಲಿ ಬಂದ ಹಾಗೆ. ಬಿಜಲಿ ಪಕ್ಕಕ್ಕೆ ಹಾರಿತು, ತಂಗಿ ಎರಿ ಹೊಲದಲ್ಲಿ ಬಿದ್ದಳು. ಮಣ್ಣು ಮೆತ್ತಗಿತ್ತು, ಮೊಣಕೈ ತರಚಿತಷ್ಟೇ. ಆದರೆ ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಕರೆಯಲಿಲ್ಲ. ಹೆದರಿದ ಮಗುವನ್ನು ಹೆದರಿದ ಪ್ರಾಣಿಯ ಮೇಲೆ ಕೂರಿಸಿದರೆ ಇಬ್ಬರೂ ಕೆಡುತ್ತಾರೆ ಎಂಬುದು ನನ್ನ ಲೆಕ್ಕ.

ಐದನೆಯ ದಿನ ತಾನೇ ಬಂದಳು, ಹತ್ತಲಿಕ್ಕಲ್ಲ. ಖಾಲಿ ಎಣ್ಣೆ ಡಬ್ಬಿ ತಂದಿದ್ದಳು. ‘ಭಯ್ಯಾ, ಇದು ಸದ್ದಿಗೆ ಹೆದರತೈತಿ, ನನಗಲ್ಲ’ ಎಂದಳು. ಬಿಜಲಿ ಕಡಲೆ ತಿನ್ನುವಾಗ ದೂರ ನಿಂತು ಡಬ್ಬಿ ಬಡಿದಳು. ದಿನಾ ಒಂದೆರಡು ಹೆಜ್ಜೆ ಹತ್ತಿರ. ಗ್ರೀಸಿನ ಕ್ಸೆನೊಫೋನ್ ಎರಡು ಸಾವಿರ ವರ್ಷಕ್ಕೂ ಹಿಂದೆ ಕುದುರೆ ಸವಾರಿಯ ಬಗ್ಗೆ ಬರೆದಾಗ ಇದನ್ನೇ ಹೇಳಿದ್ದಾನೆ: ಎಳೆ ಕುದುರೆಯನ್ನು ಗುಂಪಿನ ನಡುವೆ, ಸದ್ದಿನ ನಡುವೆ ನಡೆಸಿ ರೂಢಿ ಮಾಡಿ, ಕೋಪದಲ್ಲಿ ಅದರ ಹತ್ತಿರ ಹೋಗಬೇಡಿ. ಇದನ್ನು ನಾನು ಓದಿದ್ದು ಆಮೇಲೆ. ಮೂರನೇ ಕ್ಲಾಸಿನ ಹುಡುಗಿಗೆ ಯಾರು ಹೇಳಿಕೊಟ್ಟರೋ! ಹಂಪಿಯ ಹಜಾರರಾಮ ಗುಡಿಯ ಹೊರಗೋಡೆಯಲ್ಲಿ ಸಾಲುಸಾಲು ಕುದುರೆಗಳನ್ನು ಎಲ್ಲರೂ ನೋಡಿದ್ದೇವೆ. ಅರಬರ ನಾಡಿನಿಂದ, ಹೊರ್ಮುಜ್‌ನಿಂದ ಹಡಗಿನಲ್ಲಿ ಬಂದ ಆ ಪ್ರಾಣಿಗಳನ್ನೂ ಯಾರೋ ಹೀಗೆ ನಗಾರಿ ಸದ್ದಿಗೆ ಒಗ್ಗಿಸಿರಬೇಕು. ಅವರ ಹೆಸರು ಗೋಡೆಯ ಮೇಲಿಲ್ಲ.

ಹತ್ತನೆಯ ದಿನ ಡಬ್ಬಿ ಬಿಜಲಿಯ ಹೆಗಲ ಪಕ್ಕದಲ್ಲೇ ಸದ್ದು ಮಾಡಿತು. ಕಿವಿ ಅತ್ತಿತ್ತ ತಿರುಗಿತು, ಬಾಯಿ ಕಡಲೆ ಬಿಡಲಿಲ್ಲ. ತಂಗಿ ಡಬ್ಬಿ ನನ್ನ ಕೈಗೆ ಕೊಟ್ಟು ಹತ್ತಿದಳು.

ಶಬೆ ಬರಾತ್‌ಗೆ ಎರಡು ದಿನ ಮೊದಲು ಗಿರಾಕಿ ಬಂದ. ಬಿಜಲಿ ಬಯಲಿನಲ್ಲಿ ತಂಗಿಯನ್ನು ಹೊತ್ತು ಸುತ್ತುತ್ತಿತ್ತು, ಹಗ್ಗವಿಲ್ಲದೆ. ಚಾಚಾ ಸ್ವಲ್ಪ ಹೊತ್ತು ನೋಡಿ ಒಂದು ಬೆಲೆ ಹೇಳಿದರು. ಆ ಬೆಲೆಗೆ ಎರಡು ಕುದುರೆ ಬರುತ್ತವೆ. ಗಿರಾಕಿ ನಕ್ಕು, ಚಹಾ ಕುಡಿದು ಹೋದ.

ನಿಜವಾದ ಬ್ಯಾಂಡಿನ ಮುಂದೆ ಅದು ಇನ್ನೂ ಅಡ್ಡಡ್ಡ ಕುಣಿಯುತ್ತದೆ. ಈದ್ ಆದ ಮೇಲಿನ ಮೊದಲ ಮೆರವಣಿಗೆಗೆ ಬರೀ ಬೆನ್ನಿನಲ್ಲಿ, ಎಲ್ಲರಿಗಿಂತ ಹಿಂದೆ ನಡೆಸಿಕೊಂಡು ಹೋಗಬೇಕೆಂದಿದ್ದೇವೆ. ಹಗ್ಗ ತಾನೇ ಹಿಡಿಯುತ್ತೇನೆ ಎಂದು ತಂಗಿ ಈಗಲೇ ಹೇಳಿಟ್ಟಿದ್ದಾಳೆ.