ಇಲ್ಲಿ ಸಮುದ್ರ ಇತ್ತು

ಬಹರೈನಿಗೆ ಹೋಗಿ ಬಂದ ನಮ್ಮವರು ಹೇಳುವುದೆಲ್ಲ ಒಂದೇ ಮಾತು: “ಅಲ್ಲಿ ಎಂತ ಉಂಟು ಮಾರಾಯ್ರೆ, ಅರ್ಧ ದಿನ ಧಾರಾಳ ಸಾಕು.” ಒಂದು ಕೋಟೆ, ಮರಳಿನ ನಡುವೆ ಒಂದು ಮರ, ಸೌದಿಗೆ ಹೋಗುವ ಸೇತುವೆ, ಕಾರ್ ರೇಸಿನ ಟ್ರ್ಯಾಕು. ಪ್ರತಿಯೊಂದರ ಮುಂದೆಯೂ ಒಂದು ಸೆಲ್ಫಿ, ಆಮೇಲೆ ದುಬೈ ಪುರಾಣ. ದುಬೈಯ ಎತ್ತರ ನೋಡಿ ಬಂದ ಕಣ್ಣಿಗೆ ಮನಾಮಾ ಬಡಪಾಯಿಯಾಗಿ ಕಾಣುವುದು ಸಹಜವೇ ಇರಬಹುದು. ಆದರೂ ನನಗೆ ರೇಗುತ್ತದೆ. ಇವರಲ್ಲಿ ಒಬ್ಬರಿಗೂ ನಮ್ಮ ಭಾವ ಊರು ತೋರಿಸಿಲ್ಲ.

ಭಾವ ಅಲ್ಲಿಗೆ ಹೋದದ್ದು 1986ರಲ್ಲಿ ಸೌದಿಯ ಸೇತುವೆ ತೆರೆಯುವುದಕ್ಕಿಂತ ಮುಂಚೆ. ಮನಾಮಾದ ಸೂಕ್‌ನಲ್ಲಿ ಒಬ್ಬ ಅರಬ್ಬಿಯ ಬಟ್ಟೆ ಅಂಗಡಿಯ ಲೆಕ್ಕ ಬರೆಯುತ್ತ ತಲೆ ನೆರೆಸಿಕೊಂಡವರು. ಅವರದೊಂದು ವಿಶೇಷವೆಂದರೆ, ನೆಂಟರಿಗೆ ಊರಲ್ಲಿ ಇರುವುದನ್ನು ತೋರಿಸುವುದಿಲ್ಲ, ಇಲ್ಲದ್ದನ್ನು ತೋರಿಸುತ್ತಾರೆ. ಬಾಬ್ ಅಲ್ ಬಹರೈನ್ ಎಂಬ ಹೆಬ್ಬಾಗಿಲಿನ ಬಳಿ ಕರೆದುಕೊಂಡು ಹೋಗಿ, ಬಾಗಿಲಿಗೆ ಬೆನ್ನು ಹಾಕಿ ನಿಂತು, ಎದುರಿನ ಗಾಜಿನ ಕಟ್ಟಡಗಳತ್ತ ಕೈಚಾಚಿ, “ಇಲ್ಲಿ ಸಮುದ್ರ ಇತ್ತು” ಎಂದರು. ಸುಳ್ಳಲ್ಲ. 1940ರ ದಶಕದಲ್ಲಿ ಬ್ರಿಟಿಷ್ ಸಲಹೆಗಾರ ಚಾರ್ಲ್ಸ್ ಬೆಲ್‌ಗ್ರೇವ್ ಕಟ್ಟಿಸಿದಾಗ ಬಾಗಿಲಿನ ಹತ್ತಿರಕ್ಕೇ ನೀರು ಬರುತ್ತಿತ್ತು. ಭಾವ ಹುಟ್ಟುವ ಮೊದಲಿನ ಸಂಗತಿ ಅದು, ಯಜಮಾನನ ಬಾಯಿಂದ ಕೇಳಿದ್ದು. ಹೇಳುವಾಗ ಮಾತ್ರ ಅಲ್ಲೇ ಪ್ಯಾಂಟು ಮಡಚಿ ನಿಂತಿದ್ದವರ ಹಾಗೆ ಹೇಳುತ್ತಾರೆ.

ಅಲ್ಲಿಂದ ಮುಂದೆ ಬಿಡುವೇ ಇಲ್ಲ. ಡಿಪ್ಲೊಮ್ಯಾಟಿಕ್ ಏರಿಯಾ? ಸಮುದ್ರ. ಜುಫೇರ್‌ನ ಅಪಾರ್ಟ್‌ಮೆಂಟುಗಳು? ಸಮುದ್ರ. ಸೀಫ್‌ನ ಮಾಲ್‌ನಲ್ಲಿ ನಾನು ಶರ್ಟು ಆರಿಸುತ್ತಿದ್ದರೆ ಹಿಂದಿನಿಂದ ಬಂದು ಕಿವಿಯಲ್ಲಿ, “ಭಾವ, ನೀನೀಗ ನಿಂತದ್ದು ಎದೆಮಟ್ಟ ನೀರಲ್ಲಿ” ಎಂದರು. ಶರ್ಟು ಅಲ್ಲೇ ಉಳಿಯಿತು. ನಮ್ಮ ಕಡೆಯ ಒಂದು ತಾಲೂಕಿನಷ್ಟಿರುವ ದೇಶ, ಸುಮಾರು 780 ಚದರ ಕಿಲೋಮೀಟರ್. ಅದರಲ್ಲೂ ಒಂದಷ್ಟು ಕಡಲಿಗೆ ಮಣ್ಣು ಹಾಕಿ ಗಳಿಸಿದ್ದು.

ಇರುವುದರಲ್ಲಿ ಭಾವನಿಗೆ ಇಷ್ಟವಾದದ್ದು ಕೋಲ್ಡ್ ಸ್ಟೋರ್ ಮಾತ್ರ. ಹೆಸರು ಕೇಳಿ ಮೀನಿನ ಗೋದಾಮು ಎಂದುಕೊಳ್ಳಬೇಡಿ, ನಮ್ಮ ಮೂಲೆಯಂಗಡಿ ಅಷ್ಟೆ. ಗಲ್ಲಾದಲ್ಲಿ ಹೆಚ್ಚಾಗಿ ಮಲಯಾಳಿ. ಗಿರಾಕಿ ಕಾರಿನಿಂದ ಇಳಿಯುವುದಿಲ್ಲ. ಹಾರ್ನ್ ಹಾಕುತ್ತಾನೆ, ಹುಡುಗ ಓಡಿ ಬರುತ್ತಾನೆ, ಖುಬ್ಸ್, ಮೊಸರು, ಕರಕ್ ಚಹಾ ಕಿಟಕಿಯೊಳಗೆ ಬರುತ್ತದೆ. ಭಾವನ ಹಾರ್ನಿನಲ್ಲೂ ಭಾಷೆ ಉಂಟು: ಒಂದು ಸಲ ಒತ್ತಿದರೆ ಚಹಾ, ಎರಡು ಸಲಕ್ಕೆ ಹಾಲು. ನಾನು ಚಿಲ್ಲರೆ ಎಣಿಸುತ್ತ ಮನಸ್ಸಿನಲ್ಲೇ ರೂಪಾಯಿಗೆ ಇಳಿಸುತ್ತಿದ್ದುದನ್ನು ಕಂಡು ಅವರಿಗೆ ನಗು. 1965ರಲ್ಲಿ ದಿನಾರ್ ಬರುವ ತನಕ ಅಲ್ಲಿ ನಡೆಯುತ್ತಿದ್ದುದೂ ರೂಪಾಯಿಯೇ. ಈಗ ಒಂದು ದಿನಾರಿಗೆ ಇನ್ನೂರಕ್ಕೂ ಮೇಲೆ. ಆ ಲೆಕ್ಕದ ಮೇಲೆಯೇ ಕರಾವಳಿಯಲ್ಲಿ ಎಷ್ಟೋ ತಾರಸಿ ಮನೆಗಳು ಎದ್ದಿರುವುದು.

ಕೋಟೆಗೆ ಬರಲು ಭಾವ ಒಪ್ಪಿದ್ದು ಅಕ್ಕನ ಕಾಟಕ್ಕೆ. “ಬಿಸಿಲಲ್ಲಿ ಕಲ್ಲು ನೋಡುವುದೆಂತ” ಎಂದು ಗೊಣಗುತ್ತಲೇ ಪಕ್ಕದ ಮ್ಯೂಸಿಯಂ ಹೊಕ್ಕರು, ಏಸಿ ಇದೆಯೆಂದು. ಅಲ್ಲೊಂದು ಕಡೆ ಮಣ್ಣಿನ ಬಟ್ಟಲುಗಳಿದ್ದವು. 2,500 ವರ್ಷಗಳಿಗೂ ಹಳೆಯವು. ಅರಮನೆಯ ನೆಲದಡಿ ಹೂತಿಟ್ಟಿದ್ದ ಬಟ್ಟಲೊಳಗೆ ಸುರುಳಿ ಸುತ್ತಿದ ಹಾವಿನ ಮೂಳೆ, ಕೆಲವದರಲ್ಲಿ ಜೊತೆಗೊಂದು ಮುತ್ತು. ಭಾವ ಫಲಕ ಓದಿದರು. ಒಂದು ಹೆಜ್ಜೆ ಹಿಂದೆ ಸರಿದರು. ಸದ್ದಿಲ್ಲದೆ ಚಪ್ಪಲಿಯಿಂದ ಕಾಲು ಹೊರಗೆ ತೆಗೆದು ಕೈ ಮುಗಿದೇಬಿಟ್ಟರು. ಕಾವಲಿನವನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ.

“ಇದನ್ನು ಅಗೆದು ತೆಗೆದವರು ಯಾರು?”

“ಡೆನ್ಮಾರ್ಕಿನವರು, 1950ರ ದಶಕದಲ್ಲಿ.”

“ಆಶ್ಲೇಷಾ ಬಲಿ ಮಾಡಿಸಿದ್ದಾರಾ?”

ಆ ತಂಡದಲ್ಲಿದ್ದ ಜೆಫ್ರಿ ಬಿಬಿ 1969ರಲ್ಲಿ ಒಂದು ಪುಸ್ತಕ ಬರೆದ. ಸುಮೇರಿಯನ್ನರು ಪುಣ್ಯಭೂಮಿಯೆಂದು ಕೊಂಡಾಡಿದ ದಿಲ್ಮುನ್ ಇದೇ ಎಂಬುದು ಅದರ ವಾದ. ಬಟ್ಟಲಿನ ಹಾವನ್ನು ಅವನು ಗಿಲ್ಗಮೆಶ್‌ನ ಕಥೆಗೆ ತಳಕು ಹಾಕಿದ: ಕಾಲಿಗೆ ಕಲ್ಲು ಕಟ್ಟಿಕೊಂಡು ಕಡಲಿಗಿಳಿದು ಗಿಲ್ಗಮೆಶ್ ಯೌವನ ಮರಳಿಸುವ ಗಿಡ ತರುತ್ತಾನೆ, ದಾರಿಯಲ್ಲಿ ಹಾವು ಅದನ್ನು ತಿಂದುಬಿಡುತ್ತದೆ. ಬಹರೈನಿನಲ್ಲಿ ಮುತ್ತಿಗಾಗಿ ಮುಳುಗುವವರೂ ಕಾಲಿಗೆ ಕಲ್ಲಿನ ಭಾರ ಹಾಕಿಕೊಂಡೇ ಇಳಿಯುತ್ತಿದ್ದರು. ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳಿದರೆ, “ಕಥೆ ಇರಲಿ, ದೋಷ ದೋಷವೇ” ಎಂದು ಭಾವ ಚಪ್ಪಲಿ ಮೆಟ್ಟಿದರು. ಅದಾದ ಮೇಲೆ ನಾವು ಹೊರಡಿಸಿದರೂ ಹೊರಡದೆ ಕೋಟೆ ನೋಡಿದರು.

ಮರಳಿನ ನಡುವಿನ ಆ ಮರಕ್ಕೆ, ಜೀವವೃಕ್ಷಕ್ಕೆ, ಹೋಗುವ ದಾರಿ ಬೇಸರ. ಮರಳು, ಎಣ್ಣೆಯ ಪೈಪು, ಮತ್ತೆ ಮರಳು. ಕೊಲ್ಲಿಯ ಅರಬ್ ದಂಡೆಯಲ್ಲಿ ಮೊದಲು ಎಣ್ಣೆ ಸಿಕ್ಕಿದ್ದು ಅಲ್ಲೇ, 1932ರಲ್ಲಿ. ಸುಮಾರು 400 ವರ್ಷದ್ದೆನ್ನುವ ಆ ಮರದ ಬಳಿ ಧಾರವಾಡದ ಕಡೆಯ ಒಂದು ಸಂಸಾರ ನಿಂತಿತ್ತು. ಯಜಮಾನರು ಕುಣಿಯುವುದೊಂದು ಬಾಕಿ. “ಏ, ಬನ್ನಿ ಗಿಡ ನೋಡ್ರಿ ಇದು!” ಹೌದು, ಬನ್ನಿಯೇ. ಉದುರಿದ್ದ ಎಲೆ ಆರಿಸಿ ನಮ್ಮ ಕೈಗೂ ಕೊಟ್ಟರು, ದಸರೆಗೆ ಇನ್ನೂ ತಿಂಗಳುಗಳಿದ್ದರೂ. ಭಾವ ಎಲೆಯನ್ನು ಪರ್ಸಿನಲ್ಲಿ ದಿನಾರುಗಳ ನಡುವೆ ಇಟ್ಟುಕೊಂಡರು. “ಇಲ್ಲಿ ಸಮುದ್ರ ಇರಲಿಲ್ಲವಾ ಭಾವ?” ಎಂದು ಕೆಣಕಿದೆ. “ಅದು ತುಂಬಾ ಹಿಂದೆ” ಎಂದರು, ನಗದೆ.

ಅವರ ನಿಜವಾದ ಸಂಕಟ ಉಪ್ಪುನೀರಿನದಲ್ಲ, ಸಿಹಿನೀರಿನದು. ಆ ದ್ವೀಪದ ಸುತ್ತ ಕಡಲಿನ ತಳದಲ್ಲೇ ಸಿಹಿನೀರಿನ ಬುಗ್ಗೆಗಳಿದ್ದವು. ಮುತ್ತಿನ ದೋಣಿಯವರು ತೊಗಲಿನ ಚೀಲ ಹಿಡಿದು ಮುಳುಗಿ, ಬುಗ್ಗೆಗೆ ಒಡ್ಡಿ ತುಂಬಿಸಿ, ಬಾಯಿ ಬಿಗಿದು ಮೇಲೆ ತರುತ್ತಿದ್ದರಂತೆ. ನೆಲದ ಮೇಲೂ ಬುಗ್ಗೆಗಳು, ಅವುಗಳಿಂದ ಖರ್ಜೂರದ ತೋಟಗಳು. ಪಂಪು ಇಳಿಸಿ ಎಳೆದದ್ದೇ ಎಳೆದದ್ದು, ಒಂದೊಂದೇ ಬತ್ತಿದವು. ಈಗ ಕುಡಿಯುವುದು ಹೆಚ್ಚಾಗಿ ಸಮುದ್ರದ ನೀರಿನ ಉಪ್ಪು ತೆಗೆದು. ಹೆಸರಾಂತ ಅಧಾರಿ ಕೊಳದ ಪಕ್ಕದಲ್ಲಿ ಮಕ್ಕಳ ಆಟದ ಪಾರ್ಕು ಬಂದಿದೆ. ಭಾವ ಕಾರು ನಿಲ್ಲಿಸಿದರು, ಇಳಿಯಲಿಲ್ಲ. ಬಂದ ಹೊಸತರಲ್ಲಿ ಶುಕ್ರವಾರ ಅಂಗಡಿಗೆ ರಜೆಯಿದ್ದಾಗ ಅಲ್ಲಿ ಈಜುತ್ತಿದ್ದರಂತೆ.

ಆ ಕೊಳದ ಮೇಲೆ ಅಲ್ಲಿನವರ ಗಾದೆಯೊಂದಿದೆ. ದೂರದ ತೋಟಕ್ಕೆ ನೀರುಣಿಸಿ ಹತ್ತಿರದ್ದನ್ನು ಒಣಗಿಸುತ್ತದಂತೆ ಅಧಾರಿ. ರಾತ್ರಿ ಊಟಕ್ಕೆ ಕೂತಾಗ ಭಾವ ಅದನ್ನು ರಸವತ್ತಾಗಿ ವಿವರಿಸಿದರು. ಅಕ್ಕ ಬಡಿಸುತ್ತಿದ್ದ ಸೌಟು ನಿಲ್ಲಿಸಿದಳು.

“ಅದಕ್ಕೆ ಅಧಾರಿವರೆಗೆ ಹೋಗಬೇಕಾ? ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಇವರ ದುಡ್ಡು, ಯಕ್ಷಗಾನಕ್ಕೆ ಇವರ ದುಡ್ಡು, ಅಣ್ಣನ ಮಗನ ಕಾಲೇಜಿಗೂ ಇವರದೇ. ನಮ್ಮ ಅಡುಗೆಮನೆಯ ನಲ್ಲಿ ರಿಪೇರಿ ಮಾಡಿಸಲಿಕ್ಕೆ ಮಾತ್ರ ಪುರುಸೊತ್ತಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ.”

“ಅಧಾರಿ ಬತ್ತಿ ಎಷ್ಟೋ ಕಾಲ ಆಯ್ತಲ್ಲ ಮಾರಾಯ್ತಿ, ಇನ್ನೆಂತ ದೂರು ನಿನ್ನದು?”

“ಬತ್ತಿದ ಮೇಲಾದರೂ ಊರಿಗೆ ಹೋಗುವ ಅಂತ ಹೇಳುತ್ತಾ ಇದ್ದೇನೆ. ಕೇಳಿಸುತ್ತದಾ?”

ಭಾವ ನನ್ನ ಕಡೆ ತಿರುಗಿ, ಉಪ್ಪಿನಕಾಯಿ ಬೇಕಾ ಎಂದು ಕೇಳಿದರು.